ಹಿತ್ತಲ ಬಿಡದ ಮಾಸ್ತರು

ನೌಕರಿ ಮುಗಿಸಿ, ಮಗನ ಮನೆಗೆಂದು ಬೆಂಗಳೂರಿಗೆ ಹೊರಟು ನಿಂತ ಮಾಸ್ತರು ನರಗುಂದ ಸೀಮೆಯ ಊರೂರಲ್ಲೂ ಸಿಗುತ್ತಾರೆ. ಶಿರೋಳದ ನಮ್ಮ ಮಾಸ್ತರು ಮಾತ್ರ ಹೊರಟು ನಿಂತವರು ನಿಂತೇ ಇದ್ದರು. ಒಮ್ಮೆ ‘ತೋಂಟದಾರ್ಯ ಮಠದ ರೊಟ್ಟಿ ಜಾತ್ರಿ ಮುಗೀಲಿ’ ಎಂದರು. ಜಾತ್ರೆ ಮುಗಿದು ಕರಿಂಡಿಯ ಖಾರ ನಾಲಿಗೆಯಿಂದ ಇಳಿದ ಮೇಲೆ, ‘ಮಲ್ಲಿಗಿ ಮೊಗ್ಗು ಹಿಡದೈತಿ, ಬಸುರಿನ್ನ ಬಿಟ್ಟು ಹೋಗಾಕ ಬರ್ತೈತೇನು?’ ಎಂದರು.

ಮನೆಯ ಸಾಮಾನು ಒಂದೇ ದಿನಕ್ಕೆ ಗಂಟು ಕಟ್ಟಿಸಿಕೊಂಡಿತು. ಹಿತ್ತಲದ ವಿಲೇವಾರಿ ಅಷ್ಟು ಸುಲಭವಿರಲಿಲ್ಲ. ಗಿಡ ಕೇಳಿ ಬಂದವರಿಗೆ ಮೊದಲು ಪರೀಕ್ಷೆ: ‘ಬೋರಿನ ನೀರೋ, ನಳದ ನೀರೋ? ಮನಿಯಾಗ ಆಡು ಅದಾವೇನು?’ ಆಡಿದ್ದವರಿಗೆ ನುಗ್ಗಿ ಇಲ್ಲ.

ಪಾಸಾದವರಿಗೆ ಪಾಠ. ಕರಿಬೇವಿನ ಸಸಿಗೆ ಬಂದ ಓಣಿಯ ಹುಡುಗನನ್ನು ನಿಲ್ಲಿಸಿಕೊಂಡು, ‘ಎರಿ ಮಣ್ಣಪಾ ಇದು. ಬ್ಯಾಸಿಗ್ಯಾಗ ಕೈ ಹೋಗೂವಷ್ಟು ಬಿರೀತೈತಿ, ಮಳಿಗಾಲದಾಗ ನೀರು ಹಿಡಕೊಂಡು ಬೇರು ಕೊಳಸ್ತೈತಿ. ಬುಡಕ್ಕ ಮಣ್ಣೇರಸು, ಬ್ಯಾಸಿಗಿಗೆ ಕಣಕಿ ಹೊಚ್ಚು, ಆಗೊಮ್ಮೆ ಈಗೊಮ್ಮೆ ಹುಳಿ ಮಜ್ಜಿಗಿ ಹಾಕು’ ಎಂದರು. ಮುಗಿಯಿತೆಂದು ಹುಡುಗ ಸಸಿ ಎತ್ತಿದ. ನೀರಿನ ಅಧ್ಯಾಯ ಬಾಕಿಯಿತ್ತು. ಅದು ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟು, ಮಲಪ್ರಭಾ ಕಾಲುವೆಗುಂಟ ಹರಿದು, 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಕರದ ವಿರುದ್ಧ ಬಂಡೆದ್ದಲ್ಲಿಗೆ ಬಂದು ನಿಂತಿತು. ‘ಅಂಥಾ ನೀರು. ಎರಡು ತಂಬಗಿ ಹಾಕು. ಮೂರನೇದು ಹಾಕಬ್ಯಾಡ.’

ಕೊಟ್ಟ ಗಿಡ ತಮ್ಮದಾಯಿತೆಂದು ಓಣಿಯವರು ತಿಳಿದುಕೊಂಡರು. ಮರುದಿನದಿಂದಲೇ ವಾಕಿಂಗ್ ನೆಪದಲ್ಲಿ ತಪಾಸಣೆ ಶುರುವಾಯಿತು. ಅಬ್ಬಲಿಗಿ ಬಾಡಿದ ಮನೆಯಲ್ಲಿ ಮಾಸ್ತರು ಚಹಾ ಮುಟ್ಟುತ್ತಿರಲಿಲ್ಲ. ಪೇರಲ ಚಿಗುರಿದ ಮನೆಯಲ್ಲಿ ಎರಡು ಕಪ್ಪು. ಒಬ್ಬಾಕೆ ಸೊರಗಿದ ದಾಸವಾಳದ ಮೇಲೆ ಬುಟ್ಟಿ ಬೋರಲು ಹಾಕಿ, ‘ಬಿಸಲು ಬಡೀಬಾರದಂತ ಮುಚ್ಚೇನ್ರೀ ಮಾಸ್ತರ’ ಎಂದಳು. ‘ಆರು ಗಂಟೇಕ್ಕ ಎಲ್ಲೀ ಬಿಸಲವ್ವಾ?’ ಎನ್ನುತ್ತ ಅವರು ಬುಟ್ಟಿ ಎತ್ತಿಯೇಬಿಟ್ಟರು.

ಕಡೆಗೆ ಮಗನೇ ಕಾರು ತಂದು ಕರೆದೊಯ್ದ. ಓಣಿ ಉಸಿರು ಬಿಟ್ಟಿತು. ನಾಲ್ಕನೆಯ ದಿನ ನಸುಕಿನಲ್ಲಿ ಅದೇ ಆಕೆಯ ಮೊಬೈಲು ಗುಣುಗುಟ್ಟಿತು, ವಿಡಿಯೊ ಕರೆ. ‘ನಿನ್ನ ಮುಖ ಸಾಕವಾ, ಫೋನು ಕೆಳಗ ಹಿಡಿ. ಬುಡಾ ತೋರಸು.’

ಈಗ ಆಕೆಯ ತಕರಾರು ಇಷ್ಟೇ: ‘ಊರಾಗಿದ್ದಾಗ ಮಾಸ್ತರು ಬಂದು ಹೋಗತಿದ್ರು. ಊರು ಬಿಟ್ಟ ಮ್ಯಾಲೆ ಹೋಗವಲ್ರು.’