ದೂರುಗಳು: ನಿಲ್

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಶಾಸನವೊಂದಿದೆ. ತಾರತಮ್ಯದ ದೂರೊಂದನ್ನು ಇತ್ಯರ್ಥ ಮಾಡಿದ ಆದೇಶ ಅದು. ‘ಭಕ್ತ’ರಿಂದ, ಎಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಯ ಜೈನರು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲವೆಂದ. ಅಷ್ಟಕ್ಕೇ ಕಾಫಿ ಕೊಟ್ಟು ಕಳಿಸಲಿಲ್ಲ. ಪಂಚಮಹಾವಾದ್ಯ, ಕಳಶ ಜೈನರಿಗೂ ಸಲ್ಲುತ್ತದೆಂದು ಬಿಡಿಸಿ ಹೇಳಿದ. ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲು, ಮಿಕ್ಕ ಹಣದಲ್ಲಿ ಬಸದಿಗಳ ರಿಪೇರಿ, ಉಸ್ತುವಾರಿ ತಿರುಮಲೆಯ ತಾತಯ್ಯನದು, ತಪ್ಪಿದವನು ರಾಜದ್ರೋಹಿ. ಕಾವಲಿನ ಖರ್ಚಿಗೆ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ! ದೂರು ಕೊಟ್ಟವರೇ ದಂಡ ತೆರುವ ಪದ್ಧತಿಗೆ ಇಷ್ಟು ಹಳೆಯ ಶಾಸನಾಧಾರವಿದೆ.

ನಮ್ಮ ಕಾಲೇಜುಗಳು ಬುಕ್ಕನಿಂದ ಕಲಿತದ್ದು ಕೈ ಹಿಡಿಸುವುದನ್ನು ಮಾತ್ರ. ಕಾವಲು, ಕಲ್ಲು ಎರಡನ್ನೂ ಕೈಬಿಟ್ಟಿವೆ. ತರಗತಿಯಲ್ಲಿ ‘ಸ್ಕಾಲರ್‌ಶಿಪ್‌ನೋರೆಲ್ಲ ಎದ್ ನಿಂತ್ಕೊಳಿ’ ಎನ್ನುವ ಮೇಷ್ಟ್ರ ಮೇಲೆ ಹುಡುಗಿಯೊಬ್ಬಳು ಅರ್ಜಿ ಬರೆದಳೆನ್ನಿ. ಪ್ರಿನ್ಸಿಪಾಲರ ಚೇಂಬರಿನಲ್ಲಿ ನಡೆಯುವುದು ಇಷ್ಟು:

‘ಅವ್ರೇನ್ ಬೇಕೂಂತ ಅಂದ್ರೇನಮ್ಮ? ತಂದೆ ಸಮಾನ ಅಲ್ವಾ?’

‘ಸರ್, ದಿನಾ...’

‘ಇಂಟರ್ನಲ್ಸ್ ಹತ್ರ ಬಂತು ನೋಡು. ನಿನ್ ಒಳ್ಳೇದಕ್ಕೇ ಹೇಳ್ತಿರೋದು.’

ಮೇಷ್ಟ್ರು, ಹುಡುಗಿ ಅಕ್ಕಪಕ್ಕ ನಿಲ್ಲುತ್ತಾರೆ. ಅಟೆಂಡರು ಫೋಟೊ ತೆಗೆಯುತ್ತಾನೆ. ಇತ್ಯರ್ಥ!

ಹಾಗೆಂದು ನಿಯಮವಿಲ್ಲದೆ ಇಲ್ಲ. ಯುಜಿಸಿ 2012ರಲ್ಲೇ ಬರೆದಿಟ್ಟಿದೆ. ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿ ಹೇಳುವುದು, ಮೀಸಲಾತಿಯವರೆಂದು ಹಣೆಪಟ್ಟಿ ಹಚ್ಚುವುದು ತಾರತಮ್ಯ. ದೂರನ್ನು ಅರವತ್ತು ದಿನದೊಳಗೆ ತೀರ್ಮಾನಿಸಬೇಕು. ಪ್ರತಿ ಕಾಲೇಜಿನಲ್ಲೂ ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು, ಅವರು ಸಹ ಪ್ರಾಧ್ಯಾಪಕರಿಗಿಂತ ಕೆಳಗಿನವರಾಗಿರಬಾರದು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುವ ಸರ್ಕಾರಿ ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕರನ್ನು ಹುಡುಕುವುದೇ ಒಂದು ತಪಸ್ಸು. ಸಿಕ್ಕ ಒಬ್ಬರು ಎನ್ನೆಸ್ಸೆಸ್ಸು, ರೆಡ್‌ಕ್ರಾಸು, ಪರೀಕ್ಷೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಎಷ್ಟೋ ಕಡೆ ‘ಸ್ಕಾಲರ್‌ಶಿಪ್‌ನೋರು’ ಎಂದ ಮೇಷ್ಟ್ರೂ ಅವರೇ. ಒಂದು ಕುರ್ಚಿಯಲ್ಲಿ ಕೂತು ಅಂದು, ಇನ್ನೊಂದರಲ್ಲಿ ಕೂತು ವಿಚಾರಿಸಿಕೊಳ್ಳಬಹುದು. ಟಿಎ ಡಿಎ ಉಳಿತಾಯ.

ಇನ್ನು ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬಂದಾಗ ದೂರಿನ ರಿಜಿಸ್ಟರು ಹೊರಗೆ ಬರುತ್ತದೆ. ಸಮಿತಿ ಸಭೆಗಳು: ನಾಲ್ಕು. ದೂರುಗಳು: ನಿಲ್. ನಾಲ್ಕು ಸಭೆ ಸೇರಿ ಏನು ಚರ್ಚಿಸಿದಿರೆಂದು ಯಾರೂ ಕೇಳುವುದಿಲ್ಲ. ದೂರಿಲ್ಲದ ಕಾಲೇಜು ಒಳ್ಳೆಯ ಕಾಲೇಜು, ಪೊಲೀಸ್ ಠಾಣೆಯೇ ಇಲ್ಲದ ಊರಿನಲ್ಲಿ ಕಳ್ಳತನವೂ ಇಲ್ಲದಂತೆ.

ಕಾಲೇಜಿನ ಮಕ್ಕಳೇನು ದೇವಲೋಕದಿಂದ ಇಳಿದವರಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ದರು. ಅಂಥ ಊರುಗಳಿಂದಲೇ ಬೆಳಗಿನ ಕೆಂಪು ಬಸ್ಸಿನಲ್ಲಿ ಎರಡೂ ಕಡೆಯ ಮಕ್ಕಳು ಬರುತ್ತಾರೆ. ಗೇಟು ದಾಟಿದೊಡನೆ ಜಾತಿ ಉದುರಿಹೋಗುತ್ತದೆ ಎಂಬುದು ಆಡಳಿತ ಮಂಡಳಿಯ ಶ್ರದ್ಧೆ, ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿದೆ.

2026ರ ಜನವರಿ 13ರಂದು ತಾರತಮ್ಯ ತಡೆಗೆ ಯುಜಿಸಿ ಹೊಸ ನಿಯಮ ಹೊರಡಿಸಿತು. ಆ ನಿಯಮವೇ ತಮಗೆ ತಾರತಮ್ಯ ಮಾಡುತ್ತದೆಂದು ಸಾಮಾನ್ಯ ವರ್ಗದವರ ಪರವಾಗಿ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 29ಕ್ಕೆ ತಡೆಯಾಜ್ಞೆ ಸಿಕ್ಕಿತು, ಮತ್ತೆ 2012ರದೇ ಗತಿ. ಹದಿನಾರು ದಿನ! ತಾರತಮ್ಯದ ದೂರಿಗೆ ಬೇಗ ಪರಿಹಾರ ಸಿಗುವುದಿಲ್ಲವೆಂದು ಇನ್ನು ಯಾರೂ ಗೊಣಗಬಾರದು. ಯಾರ ವಿರುದ್ಧ ದೂರಬೇಕೆಂಬ ಪರಿಜ್ಞಾನವಿರಬೇಕು, ಅಷ್ಟೆ.

ಹುಡುಗಿಯ ಅರ್ಜಿ ಮಾತ್ರ ಆಫೀಸಿನಿಂದ ವಾಪಸು ಬಂದಿದೆ. ಷರಾ: ‘ಜಾತಿ ಪ್ರಮಾಣಪತ್ರ ಲಗತ್ತಿಸಿಲ್ಲ.’