ಬಳಪದ ತುಂಡಿನ ಮುಖಂಡರು

ವಿಧಾನಸಭೆಯಿಂದ ಹಿಡಿದು ಹಾಲಿನ ಸೊಸೈಟಿಯವರೆಗೆ ಯಾವ ಚುನಾವಣೆಯೇ ಬರಲಿ, ಪ್ರತಿ ಹೋಬಳಿಯಲ್ಲೂ ಒಬ್ಬರು ಎದ್ದು ನಿಲ್ಲುತ್ತಾರೆ. ಅಭ್ಯರ್ಥಿಯಾಗಿ ಅಲ್ಲ, ಅಭ್ಯರ್ಥಿಯಾಗುವ ವಯಸ್ಸು ಟಿಕೆಟ್ಟಿಗೆ ಕಾಯುವುದರಲ್ಲೇ ಕಳೆದುಹೋಗಿರುತ್ತದೆ. ಪತ್ರಿಕೆಯವರು ಅವರನ್ನು ‘ಮುಖಂಡರು’ ಎಂದು ಬರೆಯುತ್ತಾರೆ. ಅರವತ್ತೈದು ದಾಟಿದ ವಯಸ್ಸು, ನೀಲಿ ಹಾಕಿ ಒಗೆದ ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕು ಮಡಿಕೆಯಾದ ಮತದಾರರ ಪಟ್ಟಿ. ಪ್ರಚಾರದ ದಿನಗಳಲ್ಲಿ ಅವರಿಗಿರುವ ಕೆಲಸ ಎರಡೇ. ಒಂದು, ಸ್ವಂತ ಪಕ್ಷದವರ ಜೊತೆ ಜಗಳ; ವಿರೋಧ ಪಕ್ಷದವರ ಜೊತೆ ಜಗಳವಾಡಲು ಪುರುಸೊತ್ತೇ ಸಿಗುವುದಿಲ್ಲ. ಎರಡು, ಜಗಳದ ನಡುವೆ ಟೀ ಬಂದಾಗ ತಾವು ಓದಿದ ಕಾಲದ ವರ್ಣನೆ. ಕೇಳುವವರು ಮೊದಲನೆಯದನ್ನು ಸಣ್ಣತನದ ಖಾತೆಗೂ ಎರಡನೆಯದನ್ನು ದೊಡ್ಡತನದ ಖಾತೆಗೂ ಬರೆದುಕೊಂಡು ಎದ್ದು ಹೋಗುತ್ತಾರೆ. ನನ್ನ ಪ್ರಕಾರ ಖಾತೆ ಒಂದೇ. ಬೆರಳಿಗೆ ಸಿಗದಷ್ಟು ಸವೆದ ಬಳಪದಲ್ಲೂ ಇನ್ನೊಂದು ಸಾಲು ಬರೆದ ಬುದ್ಧಿ ಯಾವುದೋ, ಫ್ಲೆಕ್ಸಿನಲ್ಲಿ ತನ್ನ ಫೋಟೊ ಒಂದು ಇಂಚು ಕಡಿಮೆಯಾಯಿತೆಂದು ಇವತ್ತು ರಂಪ ಮಾಡುವ ಬುದ್ಧಿಯೂ ಅದೇ.

ಫ್ಲೆಕ್ಸಿನಿಂದಲೇ ಶುರು ಮಾಡೋಣ, ಮುಖಂಡರೂ ಅಲ್ಲಿಂದಲೇ ಶುರು ಮಾಡುವುದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರ ಮಾರ್ಚ್‌ನಲ್ಲೇ ನಿಷೇಧ ಬಿದ್ದಿದೆ. ಕಾನೂನಿನ ಲೆಕ್ಕದಲ್ಲಿ ಇರಲೇಬಾರದ ಆ ವಸ್ತುವಿನ ಮೇಲೆ ಯಾರ ತಲೆ ಎಷ್ಟು ದೊಡ್ಡದಿರಬೇಕು ಎಂಬ ವಿಷಯದಲ್ಲಿ ಮಾತ್ರ ಊರಿನ ಕಾನೂನು ಬಹಳ ಬಿಗಿ. ಮೇಲಿನ ಸಾಲಿನ ಪುಟ್ಟ ಪುಟ್ಟ ವೃತ್ತಗಳಲ್ಲಿ ದೆಹಲಿಯವರು, ಬೆಂಗಳೂರಿನವರು. ನಡುವೆ ಕೈಮುಗಿದ ಅಭ್ಯರ್ಥಿ, ಆಳೆತ್ತರಕ್ಕೆ. ಕೆಳಗಿನ ಸಾಲು ಊರಿನವರದು, ಜಗಳವೆಲ್ಲ ಆ ಸಾಲಿನದು. ಮುಖಂಡರು ಫ್ಲೆಕ್ಸಿನ ಎದುರು ನಿಂತಾಗ ಅಭ್ಯರ್ಥಿಯ ಮುಖ ನೋಡುವುದಿಲ್ಲ, ಪಕ್ಷದ ಗುರುತನ್ನಂತೂ ನೋಡುವುದೇ ಇಲ್ಲ. ಎಡಗಡೆಯಿಂದ ತಾವು ಎಷ್ಟನೆಯವರು, ಪಕ್ಕದವನ ಕಿವಿ ತಮ್ಮ ಭುಜದ ಮೇಲೆ ಬಂದಿದೆಯೆ, ಅವನದು ಸ್ಟುಡಿಯೋ ಫೋಟೊ ಆಗಿ ತಮ್ಮದು ಮಾತ್ರ ಆಧಾರ್ ಕಾರ್ಡಿನದೇಕಾಯಿತು, ಇಷ್ಟನ್ನೂ ಒಂದೇ ನೋಟದಲ್ಲಿ ಅಳೆಯುತ್ತಾರೆ. ಯಾರಾದರೂ ಅನುಮಾನಪಟ್ಟರೆ ಏಣಿ ತರಿಸಿ, ಹತ್ತಿ, ಅಂಗೈ ಅಗಲಿಸಿ ಗೇಣು ಹಾಕಿ ತೋರಿಸುತ್ತಾರೆ. ಡಿಸೈನ್ ಮಾಡಿದ ಹುಡುಗ ‘ಜಾಗ ಇರ್ಲಿಲ್ಲ ಸಾರ್’ ಎಂದನೋ, ಕೆಟ್ಟ. ‘ಅವನಿಗೆ ಎಲ್ಲಿಂದ ಬಂತಪ್ಪ ಜಾಗ? ನಿನ್ನೆ ಮೊನ್ನೆ ಪಾರ್ಟಿಗೆ ಬಂದೋನು! ನಾನು ಗೋಡೆಗೆ ಸುಣ್ಣ ಬಳ್ದು ಗುರುತು ಬರೆದೋನು ಕಣಯ್ಯಾ!’ ಸಂಜೆಗೆ ಹಿರಿಯರು ಕೂತು ರಾಜಿಯಾಗುತ್ತದೆ, ಬೆಳಿಗ್ಗೆಗೆ ಹೊಸ ಫ್ಲೆಕ್ಸ್ ಬರುತ್ತದೆ. ಅದರಲ್ಲಿ ಎಲ್ಲರ ತಲೆಯೂ ಒಂದೊಂದು ಇಂಚು ಬೆಳೆದಿರುತ್ತದೆ. ಅಷ್ಟು ಜಾಗ ಬಿಟ್ಟುಕೊಟ್ಟು ಪಕ್ಷದ ಗುರುತು ಮೂಲೆ ಸೇರಿರುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಗುರುತಿನ ತೊಂದರೆಯೂ ಇಲ್ಲ, ಆದ್ದರಿಂದ ಅಲ್ಲಿ ತಲೆಗಳಿಗೆ ಇನ್ನಷ್ಟು ಅವಕಾಶ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದ ಮೇಲೂ ಎಷ್ಟೋ ಕಡೆ ಗೆದ್ದ ಹೆಂಡತಿಯ ಫೋಟೊ ಚಿಕ್ಕದು, ಗೆಲ್ಲದ ಗಂಡನದು ದೊಡ್ಡದು. ಅಲ್ಲಿ ಮಾತ್ರ ಯಾವ ಮುಖಂಡರೂ ಗೇಣು ಹಾಕಿ ನೋಡಿದ್ದಿಲ್ಲ.

ಮಿಕ್ಕ ಜಗಳಗಳೂ ಇದೇ ಅಳತೆಯವು. ಸ್ವಾಗತ ಭಾಷಣದಲ್ಲಿ ಹೆಸರು ಮೂರನೆಯದಾಗಿ ಬರಬೇಕಿತ್ತು, ಐದನೆಯದಾಗಿ ಬಂತು. ಪತ್ರಿಕೆಯ ವರದಿಯ ಕೊನೆಯಲ್ಲಿ ‘ಇದ್ದರು’ ಎಂಬ ಪಟ್ಟಿಯೊಳಗೆ ಬರಲಿಲ್ಲ, ‘ಮುಂತಾದವರು’ ಎಂಬ ಗುಂಪಿನಲ್ಲಿ ಮುಳುಗಿಹೋಯಿತು. ಶಾಲು ಹೊದಿಸಿದರು, ಹಾರ ಹಾಕಲಿಲ್ಲ. ಇಲ್ಲಿ ಗಮನಿಸಬೇಕಾದದ್ದು, ದೊಡ್ಡ ಮೊತ್ತದ ವಿಷಯದಲ್ಲಿ ಇವರ ಬಾಯಿ ತೆರೆಯುವುದೇ ಇಲ್ಲ. ಕರ್ನಾಟಕದಲ್ಲಿ ವಿಧಾನಸಭೆಯ ಅಭ್ಯರ್ಥಿ ಕಾನೂನಿನ ಪ್ರಕಾರ ಮಾಡಬಹುದಾದ ಖರ್ಚು 40 ಲಕ್ಷ ರೂಪಾಯಿ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅಷ್ಟಕ್ಕೇ ನಿಂತಿತೆ ಎಂದು ಯಾವ ಮುಖಂಡರೂ ಕೇಳುವುದಿಲ್ಲ. ಸೇಬಿನ ಹಾರವನ್ನು ಕ್ರೇನಿನಲ್ಲಿ ತೂಗಿಬಿಟ್ಟು ನಾಯಕರಿಗೆ ಹಾಕುವುದು ಈಚಿನ ವರ್ಷಗಳಲ್ಲಿ ರೂಢಿಯಾಗಿದೆ. ಕ್ರೇನಿನ ಬಾಡಿಗೆ ಎಷ್ಟು ಎಂಬುದು ಇವರ ತಕರಾರಲ್ಲ. ಹಾರ ಇಳಿಯುವಾಗ ಅದನ್ನು ಮುಟ್ಟಿದ ಕೈಗಳಲ್ಲಿ ತಮ್ಮ ಕೈ ಇರಲಿಲ್ಲ ಎಂಬುದು ತಕರಾರು. ಆಮೇಲೆ ಜನ ಮುಗಿಬಿದ್ದು ಸೇಬು ಕಿತ್ತುಕೊಂಡಾಗ ತಮ್ಮ ಪಾಲಿಗೆ ಪೆಟ್ಟುಬಿದ್ದ ಹಣ್ಣೇ ಬಂತು ಎಂಬುದು ಇನ್ನೊಂದು.

ಇದು ಎಲ್ಲ ಸಮಿತಿಗಳಿಗೂ ಅಂಟಿದ ರೋಗ, ಇದಕ್ಕೆ ಶಾಲೆಯ ದಿನಗಳನ್ನು ಏಕೆ ಎಳೆದು ತರುತ್ತೀರಿ ಎಂದು ಓದಿದವರು ಆಕ್ಷೇಪಿಸಬಹುದು. ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಲೇಖಕ ಬಹಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ: ಅಣುಸ್ಥಾವರಕ್ಕೆ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟ ಸಮಿತಿ ಸೈಕಲ್ ನಿಲ್ಲಿಸುವ ಚಪ್ಪರದ ಖರ್ಚಿನ ಬಗ್ಗೆ ಹೊತ್ತುಗಟ್ಟಲೆ ಚರ್ಚಿಸುತ್ತದೆ. ಆದರೆ ಆ ಸಮಿತಿಯವರು ಸುಮ್ಮನಿದ್ದದ್ದು ಸ್ಥಾವರ ಅರ್ಥವಾಗದೆ. ನಮ್ಮ ಮುಖಂಡರಿಗೆ ಅರ್ಥವಾಗದ್ದು ಏನೂ ಇಲ್ಲ. ಯಾವ ಬೀದಿಗೆ ಏನು ಹೋಯಿತು, ಯಾವ ಮನೆಯಲ್ಲಿ ಉಳಿಯಿತು ಎಂಬುದು ಅವರಿಗೆ ಬಾಯಿಪಾಠ. ಲಕ್ಷವನ್ನು ಅವರು ಎಣಿಸಬಲ್ಲರು, ಆದರೆ ಅದು ತಮ್ಮದಾದೀತು ಅಂತಲೋ ಹೋದರೆ ತಮಗೆ ನಷ್ಟ ಅಂತಲೋ ಅನ್ನಿಸುವುದಿಲ್ಲ. ಕಳೆದುಕೊಂಡರೆ ಉರಿಯುವುದು ಚಿಕ್ಕದು ಮಾತ್ರ. ಆ ಉರಿಯನ್ನು ಅವರಿಗೆ ಕಲಿಸಿದ್ದು ಶಾಲೆ.

ಆ ಶಾಲೆಯ ಕತೆ ಮುಖಂಡರ ಬಾಯಲ್ಲಿ ಬರುವಾಗ ದೂರಗಳು ಪ್ರತಿ ಚುನಾವಣೆಗೂ ಅಷ್ಟಷ್ಟು ಬೆಳೆಯುತ್ತವೆ ಎಂಬುದನ್ನು ಒಪ್ಪುತ್ತೇನೆ. ಎರಡು ಮೈಲಿ ನಡೆದದ್ದು ಐದಾಗುತ್ತದೆ, ದಾರಿಯಲ್ಲಿ ಇಲ್ಲದ ಹಳ್ಳವೊಂದು ತುಂಬಿ ಹರಿಯುತ್ತದೆ. ಆದರೆ ಬೆಲೆಗಳನ್ನು ಹೇಳುವಾಗ ನೋಡಿ, ಒಂದು ಪೈಸೆ ಆಚೀಚೆ ಆಗುವುದಿಲ್ಲ. ಇದಕ್ಕೆ ಕಾರಣವಿದೆ. 1957ರ ಏಪ್ರಿಲ್ 1ರಂದು ನಯಾಪೈಸೆ ಜಾರಿಗೆ ಬಂತು. 16 ಆಣೆಯ ರೂಪಾಯಿ 100 ಪೈಸೆಯದಾಯಿತು. ಲೆಕ್ಕ ಹಾಕಿದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಾದ್ದರಿಂದ 6 ಎಂದು ಗೊತ್ತುಮಾಡಿದರು, ನಾಲ್ಕಾಣೆಗೆ ಮಾತ್ರ ಸರಿಯಾಗಿ 25. ಅಂದರೆ ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬಿಡಿಬಿಡಿಯಾಗಿ ಕೊಂಡರೆ 24 ಪೈಸೆ, ಒಟ್ಟಿಗೆ ಕೊಂಡರೆ 25. ಮನೆಯಲ್ಲಿ ಅಪ್ಪ ಆಣೆಯಲ್ಲೂ ಅಂಗಡಿಯಲ್ಲಿ ಶೆಟ್ಟರು ಪೈಸೆಯಲ್ಲೂ ಮಾತಾಡುತ್ತಿದ್ದ ಆ ವರ್ಷಗಳಲ್ಲಿ ಶಾಲೆಗೆ ಹೋದ ಹುಡುಗರು ಈ ಒಂದು ಪೈಸೆಯ ಸಂದಿಯನ್ನು ಮಗ್ಗಿಗಿಂತ ಮೊದಲು ಕಲಿತರು. ಜೊತೆಗೆ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು, ದಬ್ಬಣದಿಂದ ಹೊಲಿದು ಈ ವರ್ಷದ ರಫ್ ನೋಟು ಮಾಡಿಕೊಳ್ಳುವುದು; ಮೇಲಿನ ಕ್ಲಾಸಿನವನಿಂದ ಅರ್ಧ ಬೆಲೆಗೆ ಕೊಂಡ ಪುಸ್ತಕಕ್ಕೆ ಹಳೆಯ ಪೇಪರಿನ ರಟ್ಟು ಹಾಕಿ, ಮೂಲೆ ಮಡಚದಂತೆ ಓದಿ, ಕೆಳಗಿನವನಿಗೆ ಅದೇ ಅರ್ಧ ಬೆಲೆಗೆ ಮಾರುವುದು; ಶಾಯಿಗೆ ನೀರು, ಆಮೇಲೆ ಆ ನೀರಿಗೆ ಇನ್ನಷ್ಟು ನೀರು. ಹತ್ತು ವರ್ಷ ಹೀಗೆ ತರಬೇತಿಯಾದ ಮನುಷ್ಯನ ಮುಂದೆ ಒಂದು ಇಂಚು ಫೋಟೊ ಕಡಿಮೆ ಮಾಡಿದರೆ ಆತ ಸುಮ್ಮನಿರಬೇಕೆಂದು ಬಯಸುವುದೇ ತಪ್ಪು.

ಮತ್ತೆ, ಈ ಎಣಿಕೆ ಬರೀ ಹುಚ್ಚೂ ಅಲ್ಲ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಕಳೆದು, ಊರು ಬಿಟ್ಟವರನ್ನು ಕಳೆದರೆ, ಆರು ಓಟಿನ ಒಂದು ಮನೆ ಮುನಿಸಿಕೊಂಡರೂ ಅಭ್ಯರ್ಥಿಯ ಹೊಟ್ಟೆ ತೊಳಸುತ್ತದೆ. ದೊಡ್ಡ ಚುನಾವಣೆಯ ಮಾತು ಬೇರೆ ಎಂದಿರೋ, ಮುಖಂಡರು ತಕ್ಷಣ ಸಂತೇಮರಹಳ್ಳಿಯ ಹೆಸರೆತ್ತುತ್ತಾರೆ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಷ್ಟು ಸಾಲದಿದ್ದರೆ 2023ರ ಜಯನಗರ ಇದೆ. ಮರುಎಣಿಕೆಯಾಗಿ, 16 ಮತಗಳಲ್ಲಿ ತೀರ್ಮಾನವಾದ ಕ್ಷೇತ್ರ. ಒಂದು ಓಟಿಗೆ ಶಾಸಕ ಸ್ಥಾನ ಹೋಗುವುದಾದರೆ ಒಂದು ಇಂಚಿಗೆ ಮಾನ ಏಕೆ ಹೋಗಬಾರದು? ಈ ಪ್ರಶ್ನೆಗೆ ಎದುರುತ್ತರ ಕೊಡುವುದು ಕಷ್ಟ. ಕೊಡಬಹುದಾದ ಉತ್ತರ ಒಂದೇ: ಓಟನ್ನು ಎಣಿಸುವ ಕೌಶಲವನ್ನು ತನ್ನನ್ನೇ ಎಣಿಸಿಕೊಳ್ಳುವುದಕ್ಕೆ ಬಳಸಿದರೆ ಆರು ಓಟಿನ ಮನೆಗೆ ಹೋಗಲು ಹೊತ್ತು ಉಳಿಯುವುದಿಲ್ಲ. ಏಣಿ ತರಿಸಿದ ಆ ಸಂಜೆ ಎದುರು ಪಕ್ಷದವರು ಆ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಇವರ ಮಿತವ್ಯಯದ ಹೆಮ್ಮೆಯಲ್ಲಿ ನಿಜವಾದ ಬಿರುಕು ಬೇರೆ ಕಡೆ ಇದೆ. ‘ಈಗಿನ ಮಕ್ಕಳಿಗೆ ಪುಸ್ತಕ ಪುಕ್ಕಟೆ, ಊಟ ಪುಕ್ಕಟೆ, ಹಾಲು ಪುಕ್ಕಟೆ, ನಮಗೆ ಯಾರಪ್ಪಾ ಕೊಟ್ಟಿದ್ರು?’ ಎನ್ನುತ್ತಾರೆ. ಹೀಗೆ ಹೇಳುತ್ತಲೇ ಓಟಿಗಾಗಿ ಹಂಚುವ ಕುಕ್ಕರಿನ ಟೋಕನ್ನು ಎಣಿಸುತ್ತಿರುತ್ತಾರೆ. ಕೊಟ್ಟಿದ್ದರು, ಸ್ವಾಮಿ. ಆ ತಲೆಮಾರಿನ ಎಷ್ಟೋ ಶಾಲೆಗಳಲ್ಲಿ ಮಧ್ಯಾಹ್ನ ಬಡಿಸುತ್ತಿದ್ದ ಹಳದಿ ಉಪ್ಪಿಟ್ಟು ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಮೆಕ್ಕೆಜೋಳದ್ದು. ಸಿದ್ಧಗಂಗೆ, ಸುತ್ತೂರಿನಂಥ ಮಠಗಳು ಅನ್ನ ಹಾಕಿ ಓದಿಸಿದವು, ಸರ್ಕಾರದ ಹಾಸ್ಟೆಲುಗಳು ಚಾಪೆ ಕೊಟ್ಟವು. ಅದಕ್ಕೂ ಹಿಂದಿನವರು ವಾರಾನ್ನದಲ್ಲಿ ದಿನಕ್ಕೊಂದು ಮನೆಯಲ್ಲಿ ಉಂಡು ಓದಿದರು. ಇವರ ಮಿತವ್ಯಯಕ್ಕೆ ಹತ್ತಾರು ಜನರ ಧಾರಾಳ ಆಸರೆಯಾಗಿತ್ತು. ಉಳಿಸಿದ್ದರ ಲೆಕ್ಕ ಇವರಲ್ಲಿ ಪೈಸೆಪೈಸೆಗೂ ಇದೆ. ಪಡೆದದ್ದನ್ನು ಬರೆದಿಟ್ಟುಕೊಂಡಿಲ್ಲ, ಅಷ್ಟೆ. ರಾಜಕೀಯದಲ್ಲೂ ಇವರಿಗೆ ಮಾದರಿ ಇಲ್ಲದೆ ಇರಲಿಲ್ಲ. 1952ರಲ್ಲಿ ಸಾಗರ-ಹೊಸನಗರದಲ್ಲಿ ನಿಂತ ಶಾಂತವೇರಿ ಗೋಪಾಲಗೌಡರು ಜನರ ಹತ್ತಿರ ಓಟಿನ ಜೊತೆಗೆ ನೋಟನ್ನೂ ಕೇಳಿ, ಅದರಲ್ಲೇ ಪ್ರಚಾರ ಮುಗಿಸಿ ಗೆದ್ದರು. ಆ ಚುನಾವಣೆಯಲ್ಲಿ ಮಿತವ್ಯಯ ಟೀ ಹೊತ್ತಿನ ನೆನಪಾಗಿರಲಿಲ್ಲ, ಕೆಲಸ ಮಾಡುವ ಕ್ರಮವಾಗಿತ್ತು.

ಹಾಗಾದರೆ ಬಡತನವನ್ನೇ ಕಾಣದ ಹುಡುಗರೂ ಇವರಷ್ಟೇ ಜಗಳವಾಡುತ್ತಾರಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಆಡುತ್ತಾರೆ, ಇವರಿಗಿಂತ ಜೋರಾಗಿ ಆಡುತ್ತಾರೆ. ಆದರೆ ಹುಡುಗನ ಜಗಳಕ್ಕೆ ಬಾಳಿಕೆ ಕಡಿಮೆ. ಡಿಜೆ ಬರಲಿಲ್ಲವೆಂದು ಬೆಳಿಗ್ಗೆ ಕೂಗಾಡಿದವನು ಸಂಜೆಗೆ ಬೇರೆ ಬಣ್ಣದ ಶಾಲಿನಲ್ಲಿರುತ್ತಾನೆ. ಮುಖಂಡರಿಂದ ಅದು ಆಗದು, ಅವರಿಗೆ ಎಸೆಯಲು ಬರುವುದಿಲ್ಲ. ಮುಗಿದ ಚುನಾವಣೆಯ ಫ್ಲೆಕ್ಸನ್ನು ಬಿಚ್ಚಿ ತಂದು ಹುಲ್ಲಿನ ಬಣವೆಗೆ ಹೊದಿಸುತ್ತಾರೆ. ಮಿಕ್ಕದ್ದು ಕೊಟ್ಟಿಗೆಯ ಮಾಡಿಗೆ. ಗಾಳಿ ಬಂದಾಗ ಕೈಮುಗಿದ ಅಭ್ಯರ್ಥಿಗಳು ದನಗಳ ಮೇಲೆ ಪಟಪಟ ಎನ್ನುತ್ತಿರುತ್ತಾರೆ. ಬಾವುಟದ ಗಳ ಬದನೆ ತೋಟಕ್ಕೆ, ಕರಪತ್ರದ ಹಿಂದಿನ ಖಾಲಿ ಪುಟ ಮೊಮ್ಮಗಳ ಲೆಕ್ಕಕ್ಕೆ. ಪಕ್ಷವನ್ನೂ ಹಾಗೇ ಇಟ್ಟುಕೊಂಡಿದ್ದಾರೆ. ‘ಇನ್ನು ನಿಮ್ಮ ಆಫೀಸಿನ ಮೆಟ್ಟಿಲು ಹತ್ತಿದ್ರೆ ಕೇಳಿ’ ಎಂದು ರಾತ್ರಿ ಹೋದವರು ಬೆಳಿಗ್ಗೆ ಆರಕ್ಕೆ ಬಂದು ‘ಕರಪತ್ರ ಎಲ್ರಯ್ಯಾ’ ಎನ್ನುತ್ತಾರೆ. ಇದನ್ನು ಸ್ವಾಭಿಮಾನವಿಲ್ಲದ ನಡೆ ಎಂದು ನಗುವವರಿದ್ದಾರೆ. ನನಗೆ ನಗು ಬರುತ್ತದೆ, ಆದರೆ ಪಕ್ಷಗಳು ನಿಂತಿರುವುದು ಯಾರ ಮೇಲೆ ಎಂದು ಯೋಚಿಸಿದಾಗ ಅಷ್ಟಕ್ಕೇ ನಿಲ್ಲುತ್ತದೆ.

ಆ ಶಾಲೆಯಲ್ಲೂ ಜಗಳವಿತ್ತಲ್ಲ. ಬಳಪಕ್ಕೆ, ಬೆಂಚಿನ ತುದಿಗೆ, ಮಾನಿಟರ್ ಯಾರು ಎಂಬುದಕ್ಕೆ ಜಗಳವಾಗಿ ಹುಡುಗರು ಟೂ ಬಿಡುತ್ತಿದ್ದರು. ಲೆಕ್ಕದ ಮೇಷ್ಟ್ರು ಬಂದಕೂಡಲೆ, ಉತ್ತರ ಬೇಕಾದ್ದರಿಂದ, ಕೂಡಿಕೊಳ್ಳುತ್ತಿದ್ದರು. ಇದ್ದ ಒಂದು ಬಳಪವನ್ನೇ ಮುರಿದು ಪಕ್ಕದವನಿಗೆ ಕೊಡದೆ ಅವತ್ತಿನ ಮಿತವ್ಯಯ ನಡೆಯುತ್ತಲೇ ಇರಲಿಲ್ಲ. ಮುಖಂಡರ ನೆನಪಿನ ಕತೆಗಳಲ್ಲಿ ಆ ಪಕ್ಕದವನು ತಪ್ಪದೆ ಇರುತ್ತಾನೆ, ಹೆಸರು ಮಾತ್ರ ಹೇಳುವುದಿಲ್ಲ. ಒಂದೇ ಶಾಲೆಯಿರುವ ಊರಿನಲ್ಲಿ ಅವನು ಈಗ ಯಾವ ಪಕ್ಷದಲ್ಲಿರುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ. ಮತದಾನದ ದಿನ ಇಬ್ಬರೂ ಏಜೆಂಟರಾಗಿ ಬಂದು ಕೂರುತ್ತಾರೆ. ಮತಗಟ್ಟೆ ಸಾಮಾನ್ಯವಾಗಿ ಅದೇ ಸರ್ಕಾರಿ ಶಾಲೆ, ಮೊಣಕಾಲು ಹಿಡಿಸದ ಅದೇ ಅಳತೆಯ ಬೆಂಚು. ಬೆಳಿಗ್ಗೆಯೇ ನೂರು ಮೀಟರಿನ ಗೆರೆಯ ಬಗ್ಗೆ ತಕರಾರು: ನಿಮ್ಮ ಟೇಬಲ್ಲು ಗೆರೆಯ ಒಳಗಿದೆ, ನಿಮ್ಮ ಗೆರೆಯೇ ಸೊಟ್ಟಗಿದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದ ಎದುರು ಪಕ್ಷದವರ ರೀಫಿಲ್ಲು ಮುಗಿಯುತ್ತದೆ. ನಮ್ಮ ಮುಖಂಡರು ಒಂದು ಮಾತೂ ಆಡದೆ ಜೇಬಿನಿಂದ ತಮ್ಮ ಪೆನ್ನು ತೆಗೆದು ಅತ್ತ ಚಾಚುತ್ತಾರೆ, ಕ್ಯಾಪನ್ನು ಮಾತ್ರ ತಾವೇ ಇಟ್ಟುಕೊಳ್ಳುತ್ತಾರೆ.