ಶ್ರೀಮಾನ್ ಡೀಫಾಲ್ಟ್ ಅವರಿಗೆ ಬಿನ್ನವತ್ತಳೆ

ಮಾನ್ಯರೇ,

ಮಾಟುಂಗಾದಿಂದ ಡೊಂಬಿವಲಿಯವರೆಗೆ ಶಾಲು ಹೊದೆಯದ ಕನ್ನಡಿಗನ ಹೆಗಲು ಹುಡುಕಿದರೂ ಸಿಗದ ಈ ಮಹಾನಗರದಲ್ಲಿ ತಮಗೆ ಮಾತ್ರ ಇನ್ನೂ ಸನ್ಮಾನವಾಗಿಲ್ಲ. ಯಾರೂ ಏನೂ ಹೇಳದಿದ್ದಾಗ ತಾವೇ ನಿರ್ಧರಿಸಿ, ಕೆಲಸ ಕೆಟ್ಟಾಗ ಮಾತ್ರ ನೆನಪಾಗುವ ತಮ್ಮ ನಿಸ್ವಾರ್ಥ ಸೇವೆಗೆ ಈ ಬಿನ್ನವತ್ತಳೆ.

ಬಿಟ್‌ಕಾಯಿನ್-ಸಿಎಲ್‌ಐ ಎಂಬ ಕಪ್ಪು ಪರದೆಯ ಉಪಕರಣದಲ್ಲಿ ತಾವು ಮಾಡುವ ಚಾಕರಿ ನೋಡಿ. ಅಂಧೇರಿಯ ಬಾಡಿಗೆ ಕೋಣೆಯಲ್ಲಿ ಕೂತ ಹುಡುಗ ‘ಗೆಟ್‌ಬ್ಯಾಲೆನ್ಸ್’ ಎಂದಷ್ಟೇ ಒತ್ತುತ್ತಾನೆ. ಯಾವ ಯಂತ್ರ, ಯಾವ ಬಾಗಿಲು, ಏನು ಗುಟ್ಟು, ಒಂದನ್ನೂ ಹೇಳುವುದಿಲ್ಲ. ತಾವು ಊರೆಲ್ಲ ಅಲೆಯದೆ 127.0.0.1 ಎಂಬ ಅವನದೇ ಯಂತ್ರಕ್ಕೆ ಹೋಗಿ, 8332ನೇ ಪೋರ್ಟ್ ತಟ್ಟಿ, ಡೇಟಾ ಫೋಲ್ಡರಿನ ಕುಕೀ ಫೈಲಿನಿಂದ ಗುಟ್ಟು ಓದಿ, ಬಾಕಿ ಎಷ್ಟೆಂದು ತಂದುಕೊಡುತ್ತೀರಿ. ಅದು ಸೊನ್ನೆಯಾಗಿದ್ದರೆ ತಮ್ಮ ತಪ್ಪಲ್ಲ. ಟೆಸ್ಟ್‌ನೆಟ್, ಅಂದರೆ ಪರೀಕ್ಷಾ ಜಾಲ, ಎಂದು ಬಾಯಿಬಿಟ್ಟು ಹೇಳದವನನ್ನು ನೇರ ಅಸಲಿ ಹಣದ ಜಾಲಕ್ಕೇ ಕರೆದೊಯ್ಯುತ್ತೀರಿ. ದಾದರಿನಲ್ಲಿ ಬೋರ್ಡು ನೋಡದೆ ಹತ್ತಿದವನನ್ನು ವಿರಾರ್ ಫಾಸ್ಟ್ ವಾತ್ಸಲ್ಯದಿಂದ ಒಯ್ಯುವ ಹಾಗೆ.

ಇಥೀರಿಯಮ್‌ನ ಗೆಥ್ ಎಂಬ ತಂತ್ರಾಂಶದಲ್ಲಂತೂ ತಮ್ಮ ಸಂಕೋಚ ಅತಿಯಾಯಿತು. 8545ನೇ ಪೋರ್ಟಿನ ಬಾಗಿಲನ್ನು ಕೇಳದೆ ತೆರೆಯುವುದಿಲ್ಲ. ತೆರೆ ಎಂದರೂ ಮನೆಯವರಿಗಷ್ಟೇ. ಉದಾರಿಗಳಾದ ಕೆಲವರು ತಮ್ಮನ್ನು ಬದಿಗೊತ್ತಿ, 0.0.0.0 ಎಂದು ಬರೆದು, ಲೋಕಕ್ಕೇ ಬಾಗಿಲು ತೆರೆದಿಟ್ಟರು. 2018ರಲ್ಲಿ ಚೀನಾದ ಭದ್ರತಾ ಸಂಶೋಧಕರು ಲೆಕ್ಕ ಹಾಕಿದಾಗ, ಈ ದಾರಿಯಲ್ಲಿ ಅತಿಥಿಗಳು ಹೊತ್ತೊಯ್ದ ಈಥರ್ ನಾಣ್ಯಗಳ ಬೆಲೆ ಸುಮಾರು 2 ಕೋಟಿ ಡಾಲರ್. ತಮ್ಮ ಮಾತು ನಡೆದಿದ್ದರೆ ಇಂಥ ದಾಸೋಹ ಎಲ್ಲಿಂದ ಆಗಬೇಕು?

ಇನ್ನು ತಮ್ಮ ಮುಂಬೈ ವಾಸ. ಇದೇ ಊರಿನಲ್ಲಿ 2017ರಲ್ಲಿ ಮ್ಯಾಟಿಕ್ ಎಂದು ಹುಟ್ಟಿ 2021ರಲ್ಲಿ ಪಾಲಿಗಾನ್ ಆದ ಜಾಲ, ತನ್ನ ಪರೀಕ್ಷಾ ಜಾಲಕ್ಕೆ ಮುಂಬೈ ಎಂದೇ ಹೆಸರಿಟ್ಟಿತು. ಗುರುತಿನ ಸಂಖ್ಯೆ 80001. ಪಗಡಿ, ಡಿಪಾಜಿಟ್, ದಲಾಲಿ ಯಾವುದೂ ಇಲ್ಲದ ಮುಂಬೈ ಅಂದರೆ ಅದೊಂದೇ. ಫಾಸೆಟ್ ಎಂಬ ನಲ್ಲಿ ತಿರುಗಿಸಿದರೆ ನಾಣ್ಯ ಬರುತ್ತಿತ್ತು, ಬಕೆಟ್ ಹಿಡಿದು ಬೆಳಗಿನ ಜಾವ ಕಾಯಬೇಕಿರಲಿಲ್ಲ. ಆ ನಾಣ್ಯಕ್ಕೆ ಪೈಸೆಯ ಬೆಲೆಯಿರಲಿಲ್ಲ ಎಂಬುದು ಸಣ್ಣ ವಿಷಯ. ಎಷ್ಟೋ ಪಾಠಗಳಲ್ಲಿ, ನಮೂನೆ ಫೈಲುಗಳಲ್ಲಿ ತಾವು ಹೊಸಬರಿಗೆ ಮುಂಬೈ ದಾರಿಯನ್ನೇ ತೋರಿಸಿದಿರಿ.

ಆ ಮುಂಬೈ ನಿಂತಿದ್ದು ಇಥೀರಿಯಮ್‌ನ ಗೋರ್ಲಿ ಎಂಬ ಪರೀಕ್ಷಾ ಜಾಲದ ಮೇಲೆ. ಗೋರ್ಲಿಗೇ ಬೀಗ ಬೀಳುವ ಹೊತ್ತಿಗೆ, 2024ರ ಏಪ್ರಿಲ್‌ನಲ್ಲಿ ಮುಂಬೈಯನ್ನೂ ಮುಚ್ಚಿದರು. ತಾವು ಮಾತ್ರ ಕದಲಲಿಲ್ಲ. ಯಾರೂ ಮುಟ್ಟದ ಹಳೇ ಫೈಲುಗಳಿಂದ ಇಂದಿಗೂ ಅದೇ ವಿಳಾಸಕ್ಕೇ ಕರೆ ಕಳಿಸುತ್ತೀರಿ; ಆ ಕಡೆ ಎತ್ತಿಕೊಳ್ಳುವವರಿಲ್ಲ. ಊರಿನ ಹೆಸರು 1995ರಲ್ಲೇ ಬದಲಾದರೂ ಬಾಂಬೆ ಹೈಕೋರ್ಟ್ ಬಾಂಬೆಯಾಗಿಯೇ ಉಳಿದಿದೆ. ನಿಷ್ಠೆಯಲ್ಲಿ ತಮಗೆ ಜೋಡಿ ಅದೊಂದೇ.

ಈಗಿನ ಪರೀಕ್ಷಾ ಜಾಲದ ಹೆಸರು ಅಮೋಯ್, ಸಂಖ್ಯೆ 80002. ಮಾನ್ಯರಿಗೆ ತಾವಾಗಿ ತಿದ್ದಿಕೊಳ್ಳುವ ಅಭ್ಯಾಸವಿಲ್ಲ. ಆದಕಾರಣ ಹಳೇ ಫೈಲು ಇಟ್ಟುಕೊಂಡವರು ಆ ಒಂದು ಅಂಕಿಯನ್ನು ಇವತ್ತೇ ಬದಲಿಸಿ, ವಿಳಾಸವನ್ನೂ ತಿದ್ದಿಕೊಳ್ಳಬೇಕಾಗಿ ವಿನಂತಿ.